ಹೊಳೆಗೆ ಕೊಟ್ಟ ಮಾತು

ಆಕಿ ಕೊಂದಿರಲಿಲ್ಲ. ಒಂದು ಅದಾಲತ್ತು ಆಕಿ ಕೊಂದಿಲ್ಲ ಅಂತ ಹೇಳಿತು, ಅದು ಖರೆ. ಇನ್ನೊಂದು ಅದಾಲತ್ತು ಆಕಿಯೇ ಕೊಂದವಳು ಅಂತ ಹೇಳಿತು, ಅದು ಸುಳ್ಳು. ಸುಳ್ಳು ನಿಂತಿತು, ಖರೆ ಬಿದ್ದುಹೋಯಿತು. ಆದದ್ದು ಇಷ್ಟು. ಇದರಲ್ಲಿ ಹಣೆಬರಹ, ಗ್ರಹಚಾರ ಅಂತ ಏನೂ ಇಲ್ಲ. ಮನುಷ್ಯರು ಹಗಲು ಹೊತ್ತಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ಮಾಡಿದ್ದು.

ನಾನು ಆಗ ಮಕ್ತಲ್ ಠಾಣೆಯಲ್ಲಿ ಹೆಣ್ಣು ಕೈದಿಗಳನ್ನು ಕಾಯುತ್ತಿದ್ದೆ. ಹೆಣ್ಣು ಕೈದಿ ದಿನಾ ಎಲ್ಲಿಂದ ಬರಬೇಕು? ಬಂದಾಗ ಕರೆ ಬರುತ್ತಿತ್ತು, ಇಲ್ಲದಾಗ ಮನೆಯಲ್ಲಿ ಕೂತು ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದೆ. ಗಂಡ ಸತ್ತ ಮೇಲೆ ಹಿಡಿದ ಕೆಲಸ ಅದು. ಬಂದಾಕಿಯ ಮೈ ತಪಾಸು ಮಾಡಬೇಕು. ತುರುಬು ಬಿಚ್ಚಿಸಿ ಕೂದಲಲ್ಲಿ ಬೆರಳಾಡಿಸಬೇಕು, ಸೆರಗಿನ ಗಂಟು ಬಿಚ್ಚಿ ನೋಡಬೇಕು, ಪಿನ್ನು, ಸೂಜಿ, ಅಡಕೊತ್ತು ಇದ್ದರೆ ತೆಗೆದು ಜಮಾದಾರನ ಕೈಗೆ ಕೊಡಬೇಕು. ತಾಳಿ ಮುಟ್ಟಬಾರದು. ಗಂಡಸರಿಗೆ ಕೈಬೇಡಿ. ಹೆಂಗಸಿಗೆ ನಡುವಿಗೆ ಹಗ್ಗ, ಅದರ ತುದಿ ನನ್ನ ಕೈಯಲ್ಲಿ. ಕುದುರೆ ಲಾಯದ ಪಕ್ಕದ ಒಂದು ಕೋಣೆಯೇ ಹೆಣ್ಣುಮಕ್ಕಳ ಹವಾಲಾತು. ಬಾಗಿಲ ಹೊರಗೆ ನನ್ನ ಚಾಪೆ.

ಆ ಕುರುಬರ ಹುಡುಗಿಯನ್ನು ತಂದಾಗ ನಿಜಾಮರ ರಾಜ್ಯ ಇನ್ನೂ ಇತ್ತು. ಬೇಸಿಗೆ. ಮದುವೆಯಾಗಿ ಎರಡು ವರ್ಷವೂ ಆಗಿರದ ಸಣ್ಣ ಹುಡುಗಿ. ಮೈಯೆಲ್ಲ ಕುರಿಯ ಜಿಡ್ಡಿನ ವಾಸನೆ, ಕೈಗೆ ಉಣ್ಣೆಯ ಎಳೆ ಅಂಟಿಕೊಂಡೇ ಇತ್ತು. ತುರುಬಿಗೆ ಕೈ ಹಾಕಿದೆ.

"ಏನ್ ಹುಡುಕ್ತಿ ಯಕ್ಕಾ?" ಅಂದಳು. "ಹೇನು ಸಿಕ್ಕರ ಸರಕಾರಕ್ಕ ಜಮಾ ಮಾಡು. ನಮ್ಮ ಕಡಿಂದ ಚರಾಯಿ."

ಜಮಾದಾರ ನಕ್ಕುಬಿಟ್ಟ. ನಾನು ನಗಲಿಲ್ಲ. ಕೊಲೆ ಆಪಾದನೆ ಹೊತ್ತು ಬಂದಾಕಿ ಹೀಗೆ ಮಾತಾಡಿದರೆ ಅದೇ ಆಕಿಗೆ ಮುಳುವಾಗುತ್ತದೆ ಅಂತ ನನಗೆ ಗೊತ್ತಿತ್ತು. ಮುಳುವಾದದ್ದೂ ಮಾತೇ.

ಸತ್ತವನು ಕೃಷ್ಣಾ ದಂಡೆಯ ಒಂದು ಜಾಗೀರಿನ ಚರಾಯಿ ವಸೂಲಿ ಮಾಡುವವ. ಕುರಿ ಮೇಯಿಸಿದ್ದಕ್ಕೆ ಜಾಗೀರಿಗೆ ಕೊಡಬೇಕಾದದ್ದು ಚರಾಯಿ. ಕೊಡುವುದು ತಡವಾಯಿತು ಅಂತ ಅವನು ಇವರ ಹಟ್ಟಿಗೆ ಬಂದು ಒಂದು ಟಗರು ಬಿಚ್ಚಿಕೊಂಡು ಹೊರಟ. ಗಂಡಸರು ತಲೆ ತಗ್ಗಿಸಿ ನಿಂತರು. ಈಕಿ ಹಿಂದೆ ಓಡಿದಳು. ಬಾವಿಗೆ ಬಂದ ಹೆಂಗಸರೆಲ್ಲ ಕೇಳುವಂತೆ ಕೂಗಿದಳು:

"ಮತ್ತೊಮ್ಮಿ ನಮ್ಮ ಹಟ್ಟಿಗೆ ಕಾಲಿಟ್ಟಿ ಅಂದ್ರ ಕುರಿ ಬೋಳಿಸಿದಂಗ ಬೋಳಿಸಿ ಕಳಸ್ತೀನಿ! ನಿನ್ನ ಹೆಂಡ್ತಿಗೆ ನಿನ್ನ ಗುರ್ತ ಸಿಗಬಾರ್ದು!"

ಎಲ್ಲರೂ ನಕ್ಕರು. ಮರುದಿನ ಮಧ್ಯಾಹ್ನ ಹಳ್ಳದ ಜಾಲಿ ಗಿಡದ ಬುಡದಲ್ಲಿ ಅವನು ಬಿದ್ದಿದ್ದ, ಕುತ್ತಿಗೆ ಕೊಯ್ದಿತ್ತು. ನಕ್ಕವರೇ ಸಾಕ್ಷಿಯಾದರು. ಹಟ್ಟಿಯಲ್ಲಿ ಉಣ್ಣೆ ಕತ್ತರಿ ಸಿಕ್ಕಿತು, ಅದರ ಬಾಯಿಗೆ ರಕ್ತ. ಕುರಿ ಬೋಳಿಸುವ ಕತ್ತರಿಗೆ ರಕ್ತ ಇಲ್ಲದೆ ಇರುತ್ತದೆಯೇ? ಒಂದು ಕುರಿ ಮಿಸುಕಿದರೂ ಚರ್ಮ ಗೀರುತ್ತದೆ. ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ, ಮೇಲೆ ಅರಗು ಹಚ್ಚಿ ಮುದ್ರೆ ಒತ್ತಿದರು.

ಯಾರು ಕೊಂದರು ನನಗೆ ಗೊತ್ತಿಲ್ಲ. ಆ ದಿನಗಳಲ್ಲಿ ವಸೂಲಿಯವರನ್ನು ಕೊಲ್ಲಬೇಕು ಅಂತಿದ್ದವರು ಒಬ್ಬರಾ, ಇಬ್ಬರಾ. ಈಕಿ ಅಲ್ಲ ಅನ್ನುವುದು ಮಾತ್ರ ಗೊತ್ತು. ಕೊಂದು ಬಂದ ಹೆಂಗಸರನ್ನು ಅದಕ್ಕೂ ಮುಂಚೆ ಕಾದಿದ್ದೆ. ಅವರು ಬಂದ ದಿನವೇ ನಿದ್ದೆ ಹೋಗುತ್ತಾರೆ, ಹೊರೆ ಇಳಿಸಿದ ಎತ್ತಿನ ಹಾಗೆ. ಈಕಿ ಮಲಗಲಿಲ್ಲ. ಗೋಡೆಗೆ ಒರಗಿ ಒಂದೇ ಮಾತು:

"ಅರ್ಧಾ ಬೋಳಿಸಿದ ಕುರಿ ಬಿಟ್ಟು ಬಂದೀನಿ ಯಕ್ಕಾ. ಒಂದ್ ಮಗ್ಗಲಾ ಉಣ್ಣಿ, ಒಂದ್ ಮಗ್ಗಲಾ ಬೋಳು. ಮಾವಗ ಕೈ ನಡಗ್ತಾವ. ಯಾರ್ ಬೋಳಸ್ತಾರ ಅದನ್ನ?"

ಜಾಗೀರಿಗೆ ತನ್ನದೇ ಅದಾಲತ್ತು ಇತ್ತು. ಅಲ್ಲಿ ಕಾವಲಿಗೆ ಹೆಂಗಸು ಇರಲಿಲ್ಲ ಅಂತ ಠಾಣೆಯಿಂದ ನನ್ನನ್ನೇ ಕಳಿಸುತ್ತಿದ್ದರು. ಬಂಡಿಯಲ್ಲಿ ಕೂರಿಸಿ, ನಡುವಿನ ಹಗ್ಗ ನನ್ನ ಮುಂಗೈಗೆ ಸುತ್ತಿಕೊಂಡು ಹೋಗುತ್ತಿದ್ದೆ. ನ್ಯಾಯ ಹೇಳುವ ನಾಜಿಮ್ ಸಾಹೇಬರು ವಯಸ್ಸಾದವರು, ಗಾದಿಯ ಮೇಲೆ ಕೂತು ಕೇಳುತ್ತಿದ್ದರು. ಪೇಶ್ಕಾರ ಉರ್ದುವಿನಲ್ಲಿ ಬರೆಯುತ್ತಿದ್ದ.

ಕೊಲೆಯಾದ ದಿನ ಆಕಿಯ ಗಂಡ ಮಂದೆಯ ಜೊತೆ ದೂರ ಇದ್ದ, ಹಟ್ಟಿಯ ಉಳಿದವರೂ ಅಷ್ಟೆ. ಹಟ್ಟಿಯಲ್ಲಿ ಇದ್ದವರು ಆಕಿ ಮತ್ತು ಆಕಿಯ ಮಾವ, ಇಬ್ಬರೇ. ಮಾವ ಬೀರಪ್ಪನ ಪೂಜಾರಿ. ಹಣೆ ತುಂಬ ಭಂಡಾರ, ಹೆಗಲ ಮೇಲೆ ಕಂಬಳಿ, ಬಾಯಲ್ಲಿ ಮಾತು ಕಡಿಮೆ.

"ಯಾವ ದೇವರ ಮ್ಯಾಲೆ ಆಣೆ ಮಾಡ್ತಿ ಮುದುಕಾ?" ನಾಜಿಮರು ಕನ್ನಡದಲ್ಲೇ ಕೇಳಿದರು.

"ಬೀರಪ್ಪನ ಮ್ಯಾಲೆ ರೀ ಸಾಹೇಬ್ರ."

"ಮಾಡು ಮತ್ತ."

ಮುದುಕ ಸೊಂಟದ ಚೀಲ ಬಿಚ್ಚಿದ. ಭಂಡಾರ ಅಂದರೆ ಬೇರೆ ಏನೂ ಅಲ್ಲ, ದೇವರ ಮುಂದಿನ ಅರಿಶಿನ ಪುಡಿ. ಒಂದು ಚಿಟಿಕೆ ಹಣೆಗೆ, ಒಂದು ಚಿಟಿಕೆ ನಾಲಿಗೆಗೆ, ಉಳಿದದ್ದು ಬಲಗೈ ಮುಷ್ಟಿಯಲ್ಲಿ. ಮುಷ್ಟಿ ಎದೆಗೆ ಒತ್ತಿ ಹೇಳಿದ:

"ಹೊತ್ತು ಏರಿದಾಗಿಂದ ಹೊತ್ತು ವಾಲೋ ತನಕ ನಾ ಕುರಿ ಕಾಲು ಹಿಡಿದೀನಿ, ನನ್ನ ಸೊಸಿ ಬೋಳಿಸ್ಯಾಳ. ನಡಕ ಒಮ್ಮಿ ಅಂಬಲಿ ಕುಡದ್ಲು, ಅದೂ ನನ್ನ ಎದುರಿಗೆ. ಹಳ್ಳದ ಕಡಿ ಹೋಗಿಲ್ಲ. ಇದು ಸುಳ್ಳಾದ್ರ ನನ್ನ ವಂಶ ನಿಲ್ಲಬಾರ್ದು."

ನಾಜಿಮರು ಬಹಳ ಹೊತ್ತು ಅವನ ಮುಷ್ಟಿಯನ್ನೇ ನೋಡಿದರು. ಮುಂದಿನ ಪೇಶಿಯಲ್ಲಿ ಹುಡುಗಿಗೆ ಖುಲಾಸೆ ಆಯಿತು. "ಹಗ್ಗ ಬಿಚ್ಚು, ಮನಿ ಮುಟ್ಟಿಸಿ ಬಾ," ಅಂತ ನನಗೆ ಹುಕುಂ.

ಮನೆಗೆ ಹೋಗುವ ಮುಂಚೆ ಹಟ್ಟಿಯವರೆಲ್ಲ ಹೊಳೆಗೆ ಹೋದರು. ಮುದುಕ ಆಣೆಯ ಭಂಡಾರವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟುಕೊಂಡಿದ್ದ. ಮೊಣಕಾಲುದ್ದ ನೀರಿಗೆ ಇಳಿದು ಗಂಟು ಬಿಚ್ಚಿ ಬಿಟ್ಟ. ನೀರು ಒಂದು ಗಳಿಗೆ ಹಳದಿಯಾಗಿ ಹರಿದು ಹೋಯಿತು.

"ಇದೇನ?" ಅಂತ ಹುಡುಗಿಯನ್ನು ಕೇಳಿದೆ.

"ಮಾತು ಹೊಳಿಗೆ ಕೊಟ್ರು ಯಕ್ಕಾ. ಇನ್ನ ಅದು ಬೀರಪ್ಪಂದು. ನಮ್ಮಂದಿ ಯಾರೂ ಅದನ್ನ ಮತ್ತ ಎತ್ತಂಗಿಲ್ಲ, ಮಾವನೂ ಎತ್ತಂಗಿಲ್ಲ." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಗ್ಗ ಇಲ್ದ ನಿನ್ನ ಕೈ ಬಣಬಣ ಕಾಣ್ತದ ನೋಡು," ಅಂದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಪೊಲೀಸ್ ಆಕ್ಷನ್ ಆಯಿತು. ಊರ ಮೇಲೆ ವಿಮಾನ ಹಾರಿತು, ಮಂದಿ ಜೋಳದ ಹೊಲದಲ್ಲಿ ಅಡಗಿದರು. ನಮ್ಮ ಠಾಣೆಯ ಯಜಮಾನರಾದ ಅಮೀನರು ಸಮವಸ್ತ್ರ ತೆಗೆದಿಟ್ಟು ಲುಂಗಿ ಉಟ್ಟು ಹೊರಟುಹೋದರು. ಕೊಲೆಗಳಾದವು, ಮನೆಗಳು ಸುಟ್ಟವು, ಅದನ್ನು ಕಂಡವರು ಬೇರೆ ಬರೆದಾರು. ಆಮೇಲೆ ಮದರಾಸು ಕಡೆಯ ಪೊಲೀಸರು ಬಂದರು. ಜಾಗೀರುಗಳು ಹೋದವು, ಅವುಗಳ ಅದಾಲತ್ತುಗಳೂ ಹೋದವು. ಠಾಣೆಯ ಗೋಡೆಗೆ ಸುಣ್ಣ ಬಳಿದರು, ಲಾಯದ ಪಕ್ಕದ ಕೋಣೆಗೆ ಬಳಿಯಲಿಲ್ಲ.

ಅದಾಗಿ ಎರಡು ವರ್ಷಕ್ಕೆ ಕರೆ ಬಂತು. ಹೋಗಿ ನೋಡಿದರೆ ಅದೇ ಹುಡುಗಿ. ಈ ಸಲ ಕಂಕುಳಲ್ಲಿ ಮೊಲೆ ಕುಡಿಯುವ ಹೆಣ್ಣು ಕೂಸು.

"ಯಾಕ ಬಂದಿ?" ಅಂದೆ, ನೆಂಟರ ಮನೆಗೆ ಬಂದವರನ್ನು ಕೇಳಿದ ಹಾಗೆ.

"ಅದಕ್ಕೇ ಯಕ್ಕಾ."

"ಅದು ಮುಗದೈತಲ್ಲ?"

"ಮುಗದಿಲ್ಲಂತ."

ಸತ್ತವನ ಅಣ್ಣತಮ್ಮಂದಿರು ಹೊಸ ಸರಕಾರಕ್ಕೆ ಅರ್ಜಿ ಕೊಟ್ಟಿದ್ದರು. ಜಾಗೀರಿನ ಅದಾಲತ್ತಿಗೆ ಕಂದಾಯದ ತಕರಾರು, ಸಣ್ಣ ಪುಟ್ಟ ಜಗಳ ನೋಡುವ ಅಧಿಕಾರ ಮಾತ್ರ ಇತ್ತಂತೆ. ಕೊಲೆ ಕೇಸು ಸರಕಾರದ ದೊಡ್ಡ ಅದಾಲತ್ತಿಗೆ ಕಳಿಸಬೇಕಾಗಿತ್ತಂತೆ. ಕಳಿಸದೆ ತಾನೇ ನಡೆಸಿತು. ಅಧಿಕಾರ ಇಲ್ಲದವರು ನಡೆಸಿದ ವಿಚಾರಣೆ ವಿಚಾರಣೆಯೇ ಅಲ್ಲ, ಅವರು ಕೊಟ್ಟ ಖುಲಾಸೆ ಖುಲಾಸೆಯೇ ಅಲ್ಲ. ಮೊದಲಿನಿಂದ ಆಗಬೇಕು. ತಪ್ಪು ಅದಾಲತ್ತಿನದು, ಅದನ್ನು ತೀರಿಸಬೇಕಾದವಳು ಇವಳು.

ಸರಕಾರದ ದೊಡ್ಡ ಜಡ್ಜಿ ದೌರೆಯ ಮೇಲೆ ನಾರಾಯಣಪೇಟೆಗೆ ಬಂದು ಕೂಡುತ್ತಿದ್ದರು. ಹುಡುಗಿಯ ಗಂಡ ರಾಯಚೂರಿನಿಂದ ಒಬ್ಬ ವಕೀಲರನ್ನು ಹಿಡಿದ. ಆಚಾರ್ರ ಮನೆತನ, ನಾಮ ಹಚ್ಚಿಕೊಂಡ ಹಣೆ, ಕಾಲಿಗೆ ಬಿದ್ದವರನ್ನು ಎಬ್ಬಿಸಿ ಮಾತಾಡುವ ಮನುಷ್ಯ. ಮೊದಲ ದಿನವೇ ಎದ್ದು ನಿಂತು ವಾದಿಸಿದರು: ಒಂದೇ ಗುನ್ಹೆಗೆ ಒಬ್ಬಳನ್ನು ಎರಡು ಸಲ ವಿಚಾರಣೆ ಮಾಡಬಾರದು, ಎಲ್ಲ ಕಾನೂನಿನಲ್ಲೂ ಅದು ಐತಿ, ದಿಲ್ಲಿಯ ಹೊಸ ಸಂವಿಧಾನದಲ್ಲೂ ಐತಿ.

ಜಡ್ಜಿ ಸಮಾಧಾನದಿಂದ ಕೇಳಿದರು. ಕಾನೂನಿನ ಆ ರಕ್ಷಣೆ ಅಧಿಕಾರ ಇದ್ದ ಅದಾಲತ್ತು ವಿಚಾರಿಸಿದರೆ ಮಾತ್ರ ಅಂದರು. ಸಂವಿಧಾನದ ಮಾತು ಎತ್ತಿದರೆ, ಅಲ್ಲಿ ಇರುವುದು ಎರಡನೇ ಸಲ ಶಿಕ್ಷೆ ಬೇಡ ಅಂತ, ಈಕೆಗೆ ಒಮ್ಮೆಯೂ ಶಿಕ್ಷೆ ಆಗಿಲ್ಲವಲ್ಲ, ಅಂದರು.

ಹೊರಗೆ ಬೇವಿನ ಗಿಡದ ಕೆಳಗೆ ವಕೀಲರು ನಮಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ನನಗೆ ತಡೆಯಲಾಗಲಿಲ್ಲ.

"ಹಂಗಾರ ಆ ಜಾಗೀರಿನ ಸಾಹೇಬ್ರು ಈಕಿನ್ನ ಬಿಡದ, ಸಣ್ಣದೊಂದು ಸಜಾ ಕೊಟ್ಟಿದ್ರ ಇವತ್ತ ಉಳೀತಿದ್ಲೇನ್ರಿ?"

"ಅದೂ ಇಲ್ಲಮ್ಮಾ. ಸಜಾ ಕೊಟ್ಟರೂ ಅಧಿಕಾರ ಇದ್ದ ಅದಾಲತ್ತೇ ಕೊಟ್ಟಿರಬೇಕು."

"ಬಿಟ್ರೂ ಇಲ್ಲ, ಕಟ್ಟಿದ್ರೂ ಇಲ್ಲ. ಮತ್ತ ಆ ಕಾನೂನು ಯಾರಿಗೆ ಮಾಡ್ಯಾರ್ರೀ?"

ವಕೀಲರು ಕಾಗದದ ಕಟ್ಟು ಕಟ್ಟತೊಡಗಿದರು. ಕೆಟ್ಟ ಮನುಷ್ಯ ಅಲ್ಲ ಅವರು. ಬಾಯಿಗೆ ಬಂದದ್ದು ಹೇಳುವ ಚಟ ಇರಲಿಲ್ಲ, ಅಷ್ಟೆ.

ಸಾಕ್ಷಿಗಳು ಸುರುವಾದವು. ಸತ್ತವನ ತಮ್ಮ ಕಟಕಟೆ ಹತ್ತಿದ. ಜಾಗೀರಿನಲ್ಲಿ ಅವನು, "ಈಕಿ ಬೈದದ್ದು ಕೇಳೀನಿ" ಅಂತ ಅಷ್ಟೇ ಹೇಳಿದ್ದ. ಹಗ್ಗ ಹಿಡಿದು ಅಲ್ಲೇ ನಿಂತವಳು ನಾನು, ನನ್ನ ಕಿವಿ ಕೇಳಿದ್ದು. ಈಗ ಆಕಿ ಕತ್ತರಿ ಎತ್ತಿ ಓಡಿ ಬಂದಿದ್ದಳು ಅಂದ. ಮರುದಿನ ಹಳ್ಳದ ದಾರಿಯಲ್ಲಿ ಆಕಿಯ ಕಂಬಳಿ ಕಂಡೆ ಅಂದ. ಒಮ್ಮೆ ಹೇಳಿದ್ದನ್ನು ಮನೆಯಲ್ಲಿ ಕೂತು ಹಿಂಜಿ, ಹೊಸೆದು, ಗಟ್ಟಿ ಮಾಡಿಕೊಂಡು ಬಂದಿದ್ದ. ಎರಡನೇ ಸಲಕ್ಕೆ ನಾಲಿಗೆ ಎಲ್ಲೂ ತಡವರಿಸಲಿಲ್ಲ. ಹಿಂದೆ ಹೀಗೆ ಹೇಳಿರಲಿಲ್ಲವಲ್ಲ ಅಂತ ನಮ್ಮ ವಕೀಲರು ಎದ್ದರು. ಜಾಗೀರಿನ ಕಾಗದ ಇಲ್ಲಿ ನಡೆಯುವುದಿಲ್ಲ ಅಂತ ಜಡ್ಜಿ ಕೂರಿಸಿದರು.

ಉಳಿದವನು ಮುದುಕ ಒಬ್ಬನೇ. ಗಲಾಟೆಯ ಕಾಲದಲ್ಲಿ ಹಟ್ಟಿಯವರು ಕುರಿ ಹೊಡೆದುಕೊಂಡು ಹೊಳೆ ದಾಟಿ ಧರೂರಿನ ಕಡೆ ಹೋಗಿದ್ದರು, ಉಣ್ಣೆ ಮಾರಲು ಗದ್ವಾಲ್ ಹತ್ತಿರ. ಅಲ್ಲಿಂದ ಹುಡುಗಿಯ ಗಂಡ ಸೋತ ಮುಖ ಹಾಕಿಕೊಂಡು ಬಂದ.

"ಅಪ್ಪ ಬರ್ತಾನ, ಆದ್ರ ಮಾತಾಡಂಗಿಲ್ಲಂತ."

ವಕೀಲರು ಹಣೆ ಒತ್ತಿಕೊಂಡರು. "ನಾನು ಹೋದರೆ ಸಾಕ್ಷಿ ತಿದ್ದಿದ ಅಂತಾರೆ," ಅಂದು ನನ್ನ ಕಡೆ ನೋಡಿದರು. ಹೋಗುವುದು ನನ್ನ ಕೆಲಸ ಅಲ್ಲ. ಕಾವಲು ಕಾಯುವವಳು ಕೈದಿಯ ಸಾಕ್ಷಿಯ ಮನೆಗೆ ಹೋಗುತ್ತಾಳೆಯೇ? ನಾದಿನಿಯನ್ನು ನನ್ನ ಚಾಪೆಯ ಮೇಲೆ ಕೂರಿಸಿ ಹೋದೆ. ಹರಗೋಲಿನಲ್ಲಿ ಹೊಳೆ ದಾಟಿ, ಮೊಣಕಾಲು ನೋಯುವ ತನಕ ನಡೆದೆ.

ಮುದುಕ ಕಂಬಳಿ ಹಾಸಿ ಕೂರಿಸಿದ. ಕುರಿಹಾಲಿನ ಮಜ್ಜಿಗೆ ಕೊಟ್ಟ.

"ಕೂಸು ಹೆಂಗೈತಿ?" ಅಂದ.

"ಹವಾಲಾತಿನ್ಯಾಗ ಹೆಂಗಿರ್ತೈತಿ? ತಗಣಿ ಕಡದು ಮೈಯೆಲ್ಲಾ ದದ್ದು. ಕಾಕಾ, ನಾ ಮಜ್ಜಗಿ ಕುಡಿಯಾಕ ಬಂದಿಲ್ಲ. ನೀ ಬಂದು ಹೇಳು. ಆವತ್ತು ಹೇಳಿದ್ದೇ ಹೇಳು. ಹೆಚ್ಚಲ್ಲ, ಕಡಿಮಿ ಅಲ್ಲ."

"ಹೊಳಿಗೆ ಕೊಟ್ಟೀನಿ ತಂಗಿ. ನೀನೂ ನೋಡಿದಿ."

"ನೋಡೀನಿ. ಹೊಳಿ ಇಲ್ಲೇ ಐತಿ, ಇಸ್ಕೋ ತಿರುಗಿ."

ಅವನು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ಭಂಡಾರ ಹಿಡದು ಎರಡನೇ ಸಲ ಆಡಿದ್ರ, ಮೊದಲನೇದು ಸಾಲಿಲ್ಲ ಅಂದಂಗ ಆತು. ಸಾಲದ ಮಾತು ಸುಳ್ಳು ಮಾತು. ಅಂದ್ರ ಆವತ್ತ ನಾ ದೇವ್ರ ಕೈಯಾಗ ಸುಳ್ಳು ಇಟ್ಟೆ."

"ಭಂಡಾರ ಹಿಡೀಬ್ಯಾಡ. ಬರೇ ಬಾಯಾಗ ಹೇಳು."

"ಒಬ್ಬನ ಕುತ್ತಿಗಿ ಮಾತು, ಸೊಸಿ ಜೀವದ ಮಾತು. ಭಂಡಾರ ಇಲ್ದ ಅದನ್ನ ಆಡಿದ್ರ ಸಂತಿ ಮಾತು ಆಗ್ತೈತಿ. ಬೀರಪ್ಪಂದು ಆದದ್ದನ್ನ ಸಂತಿಗೆ ಹಚ್ಚಲೇನು?"

ಆಗ ನನಗೆ ತಲೆ ಕೆಟ್ಟಿತು. "ನಿನ್ನ ಬೀರಪ್ಪಗ ಒಂದು ಹುಡುಗಿಗಿಂತ ಒಂದು ಚಿಟಿಕಿ ಅರಿಶಿಣ ದೊಡ್ಡದೇನು? ಸುಳ್ಳು ಹೇಳೋರು ದಿನಾ ಬಂದು ಹೇಳಾಕ ಹತ್ಯಾರ. ಖರೆ ಹೇಳೋ ನೀನೇ ಬಾಯಿ ಹೊಲಕೊಂಡು ಕುಂತ್ರ ನೀ ಎಂಥಾ ಪೂಜಾರಿ? ಕಲ್ಲಿಗೆ ಕಂಬಳಿ ಹೊಚ್ಚಿದಂಗ ಅದಿ."

ಮುದುಕ ಪಕ್ಕದಲ್ಲಿದ್ದ ಉಣ್ಣೆ ಕತ್ತರಿ ಎತ್ತಿ ನನ್ನ ಮುಂದೆ ಇಟ್ಟ.

"ಕುತ್ತಿಗಿ ಕಡಿ ತಂಗಿ, ಕೊಡ್ತೀನಿ. ಆಕಿ ಬದ್ಲು ನಾ ಜೈಲಿಗೆ ಹೋಗಂದ್ರ ಇವತ್ತೇ ಏಳ್ತೀನಿ. ನಾನೇ ಕೊಂದೀನಿ ಅಂತ ಸುಳ್ಳು ಹೇಳಂದ್ರೂ ಹೇಳೇನು, ಆ ಪಾಪ ನನ್ನೊಬ್ಬಂದು. ಆದ್ರ ಆ ಮಾತು ಕೇಳಬ್ಯಾಡ. ಅದು ನನ್ನ ಹತ್ರ ಇಲ್ಲ."

ಬರುವಾಗ ಹರಗೋಲಿನಲ್ಲಿ ಅವನು ಕೊಟ್ಟ ಬೆಣ್ಣೆಯ ಗಡಿಗೆ ನನ್ನ ತೊಡೆಯ ಮೇಲಿತ್ತು, ಕೂಸಿನ ದದ್ದಿಗೆ ಹಚ್ಚಲಿಕ್ಕೆ. ಹೊಳೆಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ಕೂಸಿಗೆ ಬೇಕಾಗಿತ್ತು.

ಹುಡುಗಿಗೆ ಎಲ್ಲ ಹೇಳಿದೆ. ಅವನನ್ನು ಬೈದೇ ಹೇಳಿದೆ. ಕೂಸಿಗೆ ಬೆಣ್ಣೆ ಹಚ್ಚುತ್ತಾ ಕೂತಿದ್ದಳು.

"ಮಾವಗ ಬೈಬ್ಯಾಡ ಯಕ್ಕಾ. ನಾ ಆದ್ರೂ ಆಡ್ತಿರಲಿಲ್ಲ."

"ನಿನ್ನ ಜೀವಕ್ಕ ಬಂದ್ರೂ?"

"ನನ್ನ ಜೀವಕ್ಕ ಅಂತೇ ಅವ್ರು ಅದನ್ನ ಆಡಿದ್ದು. ಅದಕ್ಕಿಂತ ದೊಡ್ಡ ಮಾತು ಅವ್ರ ಹತ್ರ ಇರಲಿಲ್ಲ. ಇದ್ದದ್ದು ಕೊಟ್ಟಾರ." ಆಮೇಲೆ ಕೂಸನ್ನು ಬೋರಲು ಹಾಕಿ ಬೆನ್ನಿಗೂ ಹಚ್ಚಿದಳು. "ಹೇಳಿದ್ರ ಚೊಲೋ ಇತ್ತು," ಅಂದಳು, ಕೂಸಿನ ಕಡೆ ಮುಖ ಮಾಡಿ.

ಪೇಶಿಯ ದಿನ ಮುದುಕ ಬಂದ. ಕಟಕಟೆ ಹತ್ತಿದ. ಈಶ್ವರನ ಸಾಕ್ಷಿಯಾಗಿ ಹೇಳುತ್ತೇನೆ ಅನ್ನು ಅಂದರು, ಅನ್ನಲಿಲ್ಲ. ವಕೀಲರು ಕೇಳಿದರು: "ಆ ದಿನ ನಿನ್ನ ಸೊಸಿ ಎಲ್ಲಿದ್ದಳು?"

"ನಾ ಹೇಳೋವಾಗ ಹೇಳೀನಿ ರೀ."

"ಇಲ್ಲಿ ಹೇಳಪ್ಪಾ."

"ಹೇಳಿ ಆಗೈತಿ ರೀ. ನನ್ನ ಸೊಸಿನ್ನ ಬಿಡ್ರಿ." ಕೈ ಮುಗಿದು ನಿಂತ. ಮತ್ತೆ ಕೇಳಿದರು, ಮತ್ತೆ ಅಷ್ಟೇ.

ಸರಕಾರಿ ವಕೀಲ ನಗುತ್ತಾ ಎದ್ದ. ಈಕೆಯ ಮಾವನೇ ಬಾಯಿ ಬಿಡುವುದಿಲ್ಲ ಅಂದರೆ ಇನ್ನೇನು ಬೇಕು ಸ್ವಾಮಿ, ಅಂದ. ಜಡ್ಜಿ ಬರೆದುಕೊಂಡರು. ಅವರಿಗೆ ತೆಲುಗು ಬರುತ್ತಿತ್ತು, ಇಂಗ್ಲಿಷ್ ಬರುತ್ತಿತ್ತು. ಮುದುಕನ ಸುಮ್ಮನಿರುವಿಕೆ ಬರಲಿಲ್ಲ.

ಆಗ ನಾನು ಹಗ್ಗದ ತುದಿಯನ್ನು ಪಕ್ಕದ ಜವಾನನ ಕೈಗೆ ಕೊಟ್ಟೆ. ವಕೀಲರ ಹತ್ತಿರ ಹೋಗಿ, "ನನ್ನ ಹೆಸರು ಬರಸ್ರಿ, ನಾ ಹೇಳ್ತೀನಿ," ಅಂದೆ. ಹೊಸ ಅಮೀನ ಕಣ್ಣು ಕೆಂಪು ಮಾಡಿದ. ಮದರಾಸಿನವನು, ತೆಲುಗಿನಲ್ಲೇ ಬೈದ. ಕಾವಲಿನವಳು ಕೈದಿಯ ಪರ ಸಾಕ್ಷಿ ಹೇಳಿದರೆ ನಾಳೆಯಿಂದ ಠಾಣೆ ಮೆಟ್ಟಿಲು ಹತ್ತಬೇಡ ಅಂದ. ನಾನೂ ತೆಲುಗಿನಲ್ಲೇ ಹೇಳಿದೆ, ನನಗೆ ಕಂಡಿಕೆ ಸುತ್ತಲು ಬರುತ್ತದೆ, ನಿನಗೆ ಏನು ಬರುತ್ತದೆ ನೋಡಿಕೋ ಅಂತ.

ಕಟಕಟೆಯಲ್ಲಿ ನಿಂತು ಕಂಡದ್ದು ಹೇಳಿದೆ. ಜಾಗೀರಿನ ಕಚೇರಿ, ಮುಷ್ಟಿಯ ಭಂಡಾರ, ಮುದುಕ ಆಡಿದ ಒಂದೊಂದು ಮಾತು, ಹೊಳೆ, ಅವರ ಪದ್ಧತಿ. ಜಡ್ಜಿ ಕೈ ಎತ್ತಿದರು.

"ಕುರಿ ಬೋಳಿಸುವುದನ್ನು ನೀನು ನೋಡಿದೆಯಾ?"

"ಇಲ್ರಿ. ನೋಡಿದವ ಹೇಳಿದ್ದು ಕೇಳೀನಿ."

"ಕೇಳಿದ್ದು ಸಾಕ್ಷಿ ಅಲ್ಲ. ನೋಡಿದವನು ಇಲ್ಲೇ ಇದ್ದಾನೆ, ಅವನೇ ಹೇಳಬೇಕು."

"ಅವ ಹೇಳ್ಯಾನ್ರಿ, ನೀವು ಆವಾಗ ಇರಲಿಲ್ಲ."

ಕಚೇರಿಯಲ್ಲಿ ಯಾರೋ ಕಿಸಕ್ಕೆಂದರು. ಜಡ್ಜಿ ನನ್ನನ್ನು ಇಳಿ ಅಂದರು. ಸಿಟ್ಟಿನಿಂದ ಅಲ್ಲ. ಅಧಿಕಾರ ಇಲ್ಲದ ಕಡೆ ಆಡಿದ ಮಾತು ಇಲ್ಲಿ ಆಡಿದಂತೆ ಆಗುವುದಿಲ್ಲ ಅಂತ ಬಿಡಿಸಿಯೇ ಹೇಳಿದರು. ನನಗೂ ತಿಳಿಯಿತು. ತಿಳಿದದ್ದಕ್ಕೇ ಹೆಚ್ಚು ಸಂಕಟವಾಯಿತು. ಸರಕಾರ ಮೊದಲನೇದು ಲೆಕ್ಕಕ್ಕಿಲ್ಲ ಅಂತು, ಮುದುಕ ಮೊದಲನೇದೇ ಸಾಕು ಅಂದ. ಇಬ್ಬರೂ ತಮ್ಮ ನೇಮ ಬಿಡಲಿಲ್ಲ. ಬಿಡುವುದಕ್ಕೆ ಇದ್ದದ್ದು ಆ ಹುಡುಗಿ ಒಬ್ಬಳೇ, ಆಕಿಯನ್ನು ಇಬ್ಬರೂ ಬಿಟ್ಟರು.

ಜನ್ಮಠೇಪು, ಬದುಕಿರುವ ತನಕ ಜೈಲು, ಅಂತ ಹುಕುಂ ಆಯಿತು. ವಕೀಲರು ಹೈದರಾಬಾದಿಗೆ ಅಪೀಲು ಹಾಕಿದರು. ಮೇಲಿನವರೂ ಆಮೇಲೆ ಅದನ್ನೇ ಅಂದರು. ಆಕಿ ಹೊಳೆಯ ದಂಡೆಗೆ ತಿರುಗಿ ಬರಲಿಲ್ಲ, ಜೈಲಿನಲ್ಲೇ ಜ್ವರ ಬಂದು ಹೋದಳು ಅಂತ ಬಹಳ ದಿನದ ಮೇಲೆ ಸುದ್ದಿ ಬಂತು.

ಹುಕುಂ ಆದ ಸಂಜೆ ಮಕ್ತಲ್‌ಗೆ ಕರೆತಂದೆವು. ಮರುದಿನ ದೊಡ್ಡ ಜೈಲಿಗೆ ಲಾರಿ. ನನಗೆ ಅದೇ ಕೊನೆಯ ಪಾಳಿ ಅಂತ ಅಮೀನ ಹೇಳಿಬಿಟ್ಟಿದ್ದ. ಮೊಲೆ ಬಿಡದ ಕೂಸು ತಾಯಿಯ ಜೊತೆ ಜೈಲಿಗೆ ಹೋಗಬಹುದು, ಹಾಗೆ ಕಾಯಿದೆ ಐತಿ, ಅಂತ ಜಮಾದಾರ ಬಂದು ಹೇಳಿದ. ಒಳ್ಳೆಯದಕ್ಕೇ ಹೇಳಿದ.

ಹುಡುಗಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. "ಅಲ್ಲಿ ಕುರಿ ಇರ್ತಾವೇನು ಯಕ್ಕಾ?" ಅಂದಳು.

"ಇರಂಗಿಲ್ಲ."

"ಬಯಲು?"

"ಗ್ವಾಡಿ ಇರ್ತಾವ."

"ಹಂಗಾರ ಇದು ಬ್ಯಾಡ ಅಲ್ಲಿಗೆ. ಹಟ್ಟಿಗೆ ಹೋಗ್ಲಿ. ಆದ್ರ ಮೊಲಿ ಬಿಡವಲ್ದು. ನಾ ಕಂಡ್ರ ಸಾಕು, ಬಾಯಿ ಹಾಕ್ತದ. ಬಿಡ್ಸಾಕ ನನ್ನ ಕೈಲಿ ಆಗಂಗಿಲ್ಲ. ನೀ ಏನಾರ ಮಾಡು."

ರಾತ್ರಿಯೇ ಆಕಿಯ ಗಂಡನ ಕೈಲಿ ಹಟ್ಟಿಗೆ ಸುದ್ದಿ ಮುಟ್ಟಿಸಿದೆ. ಬೆಳಿಗ್ಗೆ ಎದ್ದು ಠಾಣೆಯ ಹಿಂದಿನ ಗಿಡದಿಂದ ಎಳೆ ಬೇವಿನ ಸೊಪ್ಪು ಕಿತ್ತೆ. ಒರಳಿನಲ್ಲಿ ನೀರು ಹಾಕದೆ ಅರೆದೆ, ನೀರು ಹಾಕಿದರೆ ಕಹಿ ಇಳಿಯುತ್ತದೆ. ಬೀಗ ತೆಗೆಸಿ ಒಳಗೆ ಹೋದೆ. ಹುಡುಗಿ ಕುಪ್ಪಸ ಸರಿಸಿ ಗೋಡೆಯ ಕಡೆ ಮುಖ ತಿರುಗಿಸಿದಳು. ಎರಡೂ ಮೊಲೆಗೆ ದಪ್ಪಗೆ ಹಚ್ಚಿದೆ. ಹೊರಗೆ ಮುದುಕ ಬಂದು ನಿಂತಿದ್ದ, ಹಾಲು ಕರೆಯುವ ಒಂದು ಕುರಿಯನ್ನು ಹಗ್ಗ ಹಿಡಿದು ಹೊಳೆ ದಾಟಿಸಿಕೊಂಡು ತಂದಿದ್ದ. ಅವನ ಜೊತೆ ನಾನು ಮಾತಾಡಲಿಲ್ಲ.

ಕೂಸು ಎದ್ದು ತಾಯಿಯ ಹತ್ತಿರ ಅಂಬೆಗಾಲಿಟ್ಟು ಹೋಯಿತು. ಬಾಯಿ ಹಚ್ಚಿತು. ಮುಖ ಕಿವುಚಿ ಹಿಂದೆ ಸರಿದು ತಾಯಿಯ ಮುಖ ನೋಡಿತು, ಯಾಕೆ ಅನ್ನುವ ಹಾಗೆ. ಆಕಿ ನೋಡಲಿಲ್ಲ. ಇನ್ನೊಂದು ಮೊಲೆಗೆ ಬಾಯಿ ಹಚ್ಚಿತು. ಉಗುಳಿತು. ಅತ್ತಿತು. ಲಾಯದ ಕುದುರೆ ಕಿವಿ ನಿಮಿರಿಸುವ ಹಾಗೆ ಅತ್ತಿತು. ಆಕಿ ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು.

ಮತ್ತೆ ಬಾಯಿ ಹಾಕಲಿಲ್ಲ. ಕೂಸನ್ನು ಎತ್ತಿಕೊಂಡು, ಅದರ ತುಟಿಯನ್ನು ನನ್ನ ಸೆರಗಿನಿಂದ ಒರೆಸಿ, ಹೊರಗೆ ನಡೆದೆ.